ಐದು ಬಾಗಿಲಿನ ಜಿಮ್ನಿಗೆ ಟೋ ಬಾರ್: ಎರಡು ಮಳೆಗಾಲ ಕಳೆದ ಮೇಲೆ

ಗಾಡಿ ಮಾರುತಿ ಸುಜುಕಿಯ ಐದು ಬಾಗಿಲಿನ ಜಿಮ್ನಿ, ಮ್ಯಾನುಯಲ್. ಟೋ ಬಾರ್ ಅಂದರೆ ಟ್ರೇಲರ್ ಎಳೆಯಲು ಗಾಡಿಯ ಹಿಂದೆ ಕೂರಿಸುವ ಅಡ್ಡಪಟ್ಟಿ. ಇದು ಬೋಲ್ಟ್ ಹಾಕಿ ಕೂರಿಸುವಂಥದ್ದು, 50 ಮಿ.ಮೀ. ಚೌಕ ರಿಸೀವರ್ (ಬಾಲಿನ ಕಾಲು ತೂರುವ ಕೊಳವೆ), ಬೇಡದಾಗ ಬಾಲ್ (ಟ್ರೇಲರ್ ಸಿಕ್ಕಿಸುವ ಗುಂಡು) ಕಳಚಿ ಗಾಡಿಯೊಳಗಿಡಬಹುದು. ಕೆಲಸ ಮಲ್ಪೆ, ಪಡುಕೆರೆ ಕಡೆ ಸಣ್ಣ ಫೈಬರ್ ದೋಣಿಯ ಟ್ರೇಲರ್ ಎಳೆಯುವುದು. ಎಳೆಯುವ ವಿಷಯದಲ್ಲಿ ದೂರಿಲ್ಲ. ತಲೆನೋವೆಲ್ಲ ಉಪ್ಪಿನದ್ದು ಮತ್ತು ವೈರಿಂಗಿನದ್ದು.

ಮೊದಲು ಭಾರದ ಲೆಕ್ಕ. ಯುರೋಪಿನಲ್ಲಿ ಮೂರು ಬಾಗಿಲಿನ ಜಿಮ್ನಿಗೆ ಸುಜುಕಿ ಕೊಟ್ಟ ಮಿತಿ ಬ್ರೇಕ್ ಇರುವ ಟ್ರೇಲರಿಗೆ 1,300 ಕೆ.ಜಿ., ಬ್ರೇಕ್ ಇಲ್ಲದ್ದಕ್ಕೆ 350 ಕೆ.ಜಿ., ಬಾಲ್ ಮೇಲೆ ಕೂರುವ ತೂಕ 75 ಕೆ.ಜಿ. ನಮ್ಮಲ್ಲಿ ಸಿಗುವ ಸಣ್ಣ ಟ್ರೇಲರುಗಳಿಗೆ ಹೆಚ್ಚಾಗಿ ಬ್ರೇಕ್ ಇರುವುದಿಲ್ಲ, ಹಾಗಾಗಿ ಐದು ಬಾಗಿಲಿನದ್ದಕ್ಕೂ ಆ 350ನ್ನು ದಾಟಬೇಡಿ. ದೋಣಿ, ಇಂಜಿನ್, ಪೆಟ್ರೋಲ್, ಟ್ರೇಲರ್ ಎಲ್ಲ ಅದರೊಳಗೇ ಬರಬೇಕು. ಮೂತಿಯ ತೂಕ, ಅಂದರೆ ಟ್ರೇಲರಿನ ಮುಂತುದಿ ಬಾಲ್ ಮೇಲೆ ಒತ್ತುವ ತೂಕ, ಒಟ್ಟು ಭಾರದ 5ರಿಂದ 7 ಶೇಕಡಾ ಇರಲಿ. ಮನೆಯ ತೂಕದ ಯಂತ್ರದ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಟ್ರೇಲರನ್ನು ಮಟ್ಟ ಇಟ್ಟು, ಮೂತಿಯನ್ನು ಅದರ ಮೇಲೆ ಕೂರಿಸಿದರೆ ಗೊತ್ತಾಗುತ್ತದೆ. ಮೂತಿ ಹಗುರವಾದರೆ ಹೆದ್ದಾರಿ 66ರಲ್ಲಿ ವೇಗ ಏರುತ್ತಲೇ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ.

ಜಿಮ್ನಿಯದ್ದು ಲ್ಯಾಡರ್ ಚಾಸಿ, ಏಣಿಯ ಹಾಗೆ ಎರಡು ಉದ್ದ ರೈಲು, ನಡುವೆ ಅಡ್ಡಪಟ್ಟಿ. ಬಾರ್ ಎರಡೂ ಕಡೆಯ ಉದ್ದ ರೈಲುಗಳನ್ನು ಹಿಡಿದು ಕೂರಬೇಕು. ಬಂಪರಿನ ಬ್ರಾಕೆಟ್ಟಿಗೆ ಮಾತ್ರ ಕಟ್ಟುವಂಥದ್ದು ಬೇಡ. ಚಾನೆಲ್ ಕತ್ತರಿಸಿ ನೇರ ಚಾಸಿಗೆ ವೆಲ್ಡ್ ಮಾಡಿಕೊಡುವವರೂ ಇದ್ದಾರೆ, ಅಗ್ಗ. ಆದರೆ ವೆಲ್ಡಿನ ಬಿಸಿಗೆ ರೈಲಿನ ಒಳಮೈಯ ಬಣ್ಣ ಸುಟ್ಟುಹೋಗುತ್ತದೆ, ಅಲ್ಲಿಗೆ ಬ್ರಶ್ ತಲುಪುವುದಿಲ್ಲ, ಮಳೆಗಾಲ ಹಿಡಿಯುವ ಹೊತ್ತಿಗೆ ಒಳಗಿಂದ ತುಕ್ಕು ಶುರು. ಬಾರ್ ಹಾಟ್ ಡಿಪ್ ಗ್ಯಾಲ್ವನೈಸ್ (ಕರಗಿದ ಸತುವಿನಲ್ಲಿ ಅದ್ದಿದ್ದು) ಆಗಿದ್ದರೆ ಒಳ್ಳೆಯದು. ನೋಡಲು ಚಂದ ಪೌಡರ್ ಕೋಟಿಂಗೇ (ಪುಡಿ ಬಣ್ಣ ಕಾಯಿಸಿ ಹಿಡಿಸಿದ್ದು), ಆದರೆ ಒಂದು ಕಲ್ಲು ತಾಗಿ ಚಕ್ಕೆ ಎದ್ದರೆ ಸಾಕು, ತುಕ್ಕು ಅದರ ಅಡಿಯಲ್ಲೇ ಹರಡುತ್ತದೆ.

ಪೌಡರ್ ಕೋಟಿಂಗಿನದ್ದು ಇನ್ನೊಂದು ತರಲೆ ಇದೆ. ಬಾರ್ ಚಾಸಿಗೆ ಒತ್ತಿಕೊಳ್ಳುವ ಜಾಗದಲ್ಲಿ ಕೋಟಿಂಗ್ ದಪ್ಪ ಇದ್ದರೆ ಬೋಲ್ಟಿನ ಒತ್ತಡಕ್ಕೆ ನಿಧಾನ ಕುಸಿಯುತ್ತದೆ, ಬಿಗಿ ತಾನಾಗಿಯೇ ಸಡಿಲವಾಗುತ್ತದೆ. ಹಂಪ್ ದಾಟುವಾಗ ಹಿಂದಿನಿಂದ ‘ಟಕ್’ ಅಂತ ಕೇಳಿದರೆ ಮೊದಲ ಅನುಮಾನ ಇದರ ಮೇಲೆ. ಕೂರಿಸುವ ಮುಂಚೆ ಆ ಜಾಗವನ್ನಷ್ಟೇ ಉಜ್ಜಿ ತೆಳುವಾಗಿ ಸತುವಿನ ಪ್ರೈಮರ್ ಹಚ್ಚಿ. ಬೋಲ್ಟುಗಳನ್ನೆಲ್ಲ ಮೊದಲು ಕೈಯಲ್ಲೇ ತಿರುಗಿಸಿ ಬಾರ್ ನೇರ ಕೂತಿದೆಯೇ ನೋಡಿ, ಆಮೇಲೆ ಎಡ ಬಲ ಸರದಿಯಲ್ಲಿ ಬಿಗಿ ಮಾಡಿ. ತಲೆಯ ಮೇಲೆ 8.8 (ಬಲದ ದರ್ಜೆ) ಎಂದಿರುವ ಎಂ12 (12 ಮಿ.ಮೀ. ದಪ್ಪದ) ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್; ಕಿಟ್ಟಿನ ಹಾಳೆಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ನಟ್ಟಿನಿಂದ ಬಾರ್‌ವರೆಗೆ ಬಿಳಿ ಪೇಂಟಿನ ಗೀಟು ಎಳೆದಿಟ್ಟರೆ ಸಡಿಲವಾದದ್ದು ಬಗ್ಗಿ ನೋಡಿದ ಕೂಡಲೇ ಕಾಣುತ್ತದೆ. 100 ಕಿ.ಮೀ. ಆದ ಮೇಲೆ ಟಾರ್ಕ್ ರೆಂಚ್ ಹಾಕಿ ಮತ್ತೊಮ್ಮೆ ಪರೀಕ್ಷಿಸಲೇಬೇಕು.

ವೈರಿಂಗಿಗೆ ಬಂದರೆ, ಟ್ರೇಲರಿನ ದೀಪಗಳ ಪ್ಲಗ್ ಸಿಕ್ಕಿಸಲು 7 ಪಿನ್ ಸಾಕೆಟ್: 1 ಹಳದಿ ಎಡ ಇಂಡಿಕೇಟರ್, 3 ಬಿಳಿ ಅರ್ತ್, 4 ಹಸಿರು ಬಲ ಇಂಡಿಕೇಟರ್, 5 ಕಂದು ಬಲ ಟೈಲ್, 6 ಕೆಂಪು ಬ್ರೇಕ್, 7 ಕಪ್ಪು ಎಡ ಟೈಲ್. 2 ನೀಲಿ ಹಿಂದಿನ ಫಾಗ್ ಲ್ಯಾಂಪಿಗೆ. ಗಾಡಿಯ ತಂತಿಗೆ ಚುಚ್ಚಿ ಕಚ್ಚುವ ಕ್ಲಿಪ್ ಹಾಕಿದರೆ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಆದರೆ ಚುಚ್ಚಿದ ತೂತಿನಲ್ಲಿ ಉಪ್ಪುನೀರು ಇಳಿದು ತಾಮ್ರ ಹಸಿರು ಪುಡಿಯಾಗುತ್ತದೆ. ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿ ತಂತಿ ಒತ್ತಿ ಕೂಡಿಸಿ), ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿಸಿ. ಬ್ರೇಕ್ ಒತ್ತಿದಾಗ ಟ್ರೇಲರಿನ ಇಂಡಿಕೇಟರೂ ಮಂಕಾಗಿ ಉರಿದರೆ ಬಲ್ಬ್ ಬದಲಾಯಿಸಬೇಡಿ ಮಾರಾಯ್ರೆ, 3ನೇ ಪಿನ್ನಿನ ಅರ್ತ್ ನೋಡಿ.

ದೋಣಿ ಇಳಿಸುವ ಮುಂಚೆ ಪ್ಲಗ್ ಕೀಳಿ, ಟ್ರೇಲರಿನ ಹಬ್ (ಚಕ್ರದ ನಡುಭಾಗ) ತಣಿಯಲು ಬಿಡಿ. ಓಡಿ ಬಿಸಿಯಾದ ಹಬ್ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ಉಪ್ಪುನೀರನ್ನು ಎಳೆದುಕೊಳ್ಳುತ್ತದೆ, ಬೇರಿಂಗ್ ಹೋಗುತ್ತದೆ. ಹೊಯಿಗೆಯಲ್ಲಿ ಟಯರ್ ಗಾಳಿ 18 ಪಿಎಸ್‌ಐಗೆ ಇಳಿಸಿ, 4ಎಲ್ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನ ಗೇರ್) ಹಾಕಿ ಮೆಲ್ಲ ಎಳೆದರೆ ಸಾಕು. ಮನೆಗೆ ಬಂದು ಸಿಹಿನೀರಿನಲ್ಲಿ ರಿಸೀವರಿನ ಒಳಗೂ ತೊಳೆಯಿರಿ. ಬಾಲಿನ ಕಾಲಿಗೆ ಮರೈನ್ ಗ್ರೀಸ್ ಹಚ್ಚಿ, ತಿಂಗಳಿಗೊಮ್ಮೆಯಾದರೂ ಹೊರಗೆ ಎಳೆಯಿರಿ. ಮಳೆಗಾಲವಿಡೀ ಒಳಗೇ ಬಿಟ್ಟರೆ ಸುತ್ತಿಗೆಯೇ ಗತಿ. ಬಾಲ್ ಹಾಕಿದ್ದಾಗ ರಿವರ್ಸ್ ಸೆನ್ಸರ್ ಅದನ್ನೇ ಗೋಡೆಯೆಂದು ಕೂಗಬಹುದು, ಕಳಚಿಡಲು ಅದೂ ಒಂದು ಕಾರಣ.

ಹೂತ ಗಾಡಿಯನ್ನು ಎಳೆಯಲು ಬಾಲಿಗೆ ಹಗ್ಗ ಸಿಕ್ಕಿಸಬೇಡಿ. ಜಗ್ಗಿದ ರಭಸಕ್ಕೆ ಬಾಲ್ ಮುರಿದರೆ ಗುಂಡಿನ ಹಾಗೆ ಹಾರಿ ಗಾಜು ಸೀಳಿ ಒಳಗೆ ಬರುತ್ತದೆ. ಅದಕ್ಕೆ ರಿಸೀವರಿಗೆ ಹಾಕುವ ಶ್ಯಾಕಲ್ ಬ್ಲಾಕ್ (ಹಗ್ಗದ ಕೊಂಡಿ ಹಿಡಿಯುವ ತುಂಡು) ಬೇರೆಯೇ ಸಿಗುತ್ತದೆ.

ಟ್ರೇಲರಿಗೆ ಪ್ರತ್ಯೇಕ ನೋಂದಣಿ ಬೇಕು, ಬಾಲ್ ನಂಬರ್ ಪ್ಲೇಟನ್ನು ಮರೆಮಾಡಬಾರದು.

ಇಷ್ಟರವರೆಗೆ ಬದಲಾಯಿಸಿದ್ದು: ಸಾಕೆಟ್ ಒಂದು, ಬಾಲನ್ನು ರಿಸೀವರಿನಲ್ಲಿ ಹಿಡಿಯುವ ಪಿನ್ನಿನ ಕ್ಲಿಪ್ ಎರಡು. ಬಾರಿಗೆ ನನ್ನ ಅಂಕ ಐದರಲ್ಲಿ ನಾಲ್ಕು, ಒಂದು ಕಳೆದದ್ದು ಕಿಟ್ಟಿನ ಜೊತೆ ಬಂದ ವೈರಿಂಗಿಗೆ.