ನಿನಗೆ ಯಾವ ಮಳೆ? – ಮನೆ ಒಕ್ಕಲಿಗೆ ಕರೆಸಿದ ತಾಳಮದ್ದಳೆ

ಐದರಲ್ಲಿ ನಾಲ್ಕು ನಕ್ಷತ್ರ. ಒಂದನ್ನು ಯಾಕೆ ಕಳೆದೆ ಅಂತ ಮುಂದೆ ಹೇಳುತ್ತೇನೆ. ಮೈಕ್ ಸೆಟ್ಟಿನವರದ್ದು ಬೇರೆ ಲೆಕ್ಕ. ಅವರಿಗೆ ಅರ್ಧ ಕೊಟ್ಟರೂ ಜಾಸ್ತಿ.

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ನಾವು ಹೊಸ ಮನೆ ಕಟ್ಟಿದೆವು. ಮೇ ತಿಂಗಳಲ್ಲಿ ಒಕ್ಕಲು. ಬೆಳಗ್ಗೆ ಗಣಪತಿ ಹೋಮ, ಮಧ್ಯಾಹ್ನ ಊಟ. ಸಂಜೆಗೆ ಏನಾದರೂ ಬೇಕು ಅಂತ ಮಾತಾಯ್ತು. ತಂಗಿಯ ಮಕ್ಕಳು ಆರ್ಕೆಸ್ಟ್ರಾ ಅಂದರು. ಅಪ್ಪ ತಾಳಮದ್ದಳೆ ಅಂದರು. ಸಾಲ ತೆಗೆಯುವಾಗ ಅಪ್ಪನ ಮಾತು ಕೇಳಿರಲಿಲ್ಲ. ಇದರಲ್ಲಾದರೂ ಕೇಳೋಣ ಅಂತ ಒಪ್ಪಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ತಾಳಮದ್ದಳೆ ಅಂದರೆ ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಅರ್ಥಧಾರಿಗಳು ಬಿಳಿ ಪಂಚೆ ಉಟ್ಟು, ಶಾಲು ಹೊದ್ದು, ಕೂತಲ್ಲೇ ಮಾತಾಡುತ್ತಾರೆ. ಮಾತು ಮೊದಲೇ ಬರೆದಿಟ್ಟದ್ದಲ್ಲ. ಎದುರಿನವರು ಏನು ಕೇಳುತ್ತಾರೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಕುಂಬಳೆ ಸೀಮೆಯವರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಲ್ವಾ.

ನಾವು ಕರೆಸಿದ್ದು ಹವ್ಯಾಸಿ ತಂಡ. ಒಟ್ಟು ಎಂಟು ಜನ. ಸಂಭಾವನೆ ಎಷ್ಟು ಅಂತ ಬರೆಯಬೇಡಿ ಅಂತ ಅವರೇ ಹೇಳಿದ್ದಾರೆ. ಆರ್ಕೆಸ್ಟ್ರಾದವರು ಕೇಳಿದ್ದರ ಅರ್ಧವೂ ಆಗಲಿಲ್ಲ. ಆರೂವರೆಗೆ ಬರುತ್ತೇವೆ ಅಂದವರು ಆರೂ ಇಪ್ಪತ್ತಕ್ಕೆ ಅಂಗಳದಲ್ಲಿದ್ದರು. ನಮ್ಮ ಕಡೆ ಇದೇ ಒಂದು ಪವಾಡ.

ಪ್ರಸಂಗ ದೇವಿ ಮಹಾತ್ಮೆಯ ಮೊದಲ ಭಾಗ, ಮಧು ಕೈಟಭರ ವಧೆವರೆಗೆ. ಎಲ್ಲೆಲ್ಲೂ ನೀರು. ವಿಷ್ಣು ಯೋಗನಿದ್ರೆಯಲ್ಲಿ. ಹೊಕ್ಕುಳಿಂದ ತಾವರೆ, ತಾವರೆಯ ಮೇಲೆ ಬ್ರಹ್ಮ. ಬ್ರಹ್ಮನ ಅರ್ಥ ಹೇಳಿದವರು ಇನ್ನೂ ಮೂವತ್ತು ದಾಟದ ಹುಡುಗ, ಕಾಲೇಜಿನಲ್ಲಿ ಪಾಠ ಮಾಡುತ್ತಾರಂತೆ. ವಿಷ್ಣುವಿಗೆ ಎಪ್ಪತ್ತರ ಹಿರಿಯರು. ಎಲೆ ಅಡಿಕೆ ಬಾಯಲ್ಲಿ, ಕನ್ನಡಕ ಮೂಗಿನ ತುದಿಯಲ್ಲಿ.

ಶುರುವಿನಲ್ಲೇ ಬ್ರಹ್ಮ ಮಕ್ಕಳನ್ನು ಹಿಡಿದಿಟ್ಟರು. ಎಲ್ಲಿ ಹುಟ್ಟಿದೆ, ಏನು ಮಾಡಬೇಕು, ಒಂದೂ ತಿಳಿಯದೆ ಕೂತ ಬ್ರಹ್ಮನಿಗೆ ನೀರಿನೊಳಗಿಂದ ಎರಡು ಅಕ್ಷರ ಕೇಳಿಸಿತಂತೆ. ಭಾಗವತ ಪುರಾಣದ ಎರಡನೇ ಸ್ಕಂಧದಲ್ಲಿ ಆ ಅಕ್ಷರ ಯಾವುದು ಅಂತ ನೇರ ಹೇಳಿಲ್ಲ. ವ್ಯಂಜನಗಳಲ್ಲಿ 16ನೆಯದು ಮತ್ತು 21ನೆಯದು ಅಂತ ಇದೆ. "ಲೆಕ್ಕ ಹಾಕಿ ನೋಡಿ ಮಕ್ಕಳೇ" ಅಂದರು. ಐದನೇ ಕ್ಲಾಸಿನ ನನ್ನ ಮಗಳು ಅಜ್ಜಿಯ ಮಡಿಲಲ್ಲಿ ಕೂತು ಕ, ಖ, ಗ ಅಂತ ಬೆರಳು ಮಡಿಸಿದಳು. ಎರಡು ಸಲ ತಪ್ಪಿ, ಮೂರನೇ ಸಲಕ್ಕೆ "ತ! ಪ! ತಪ!" ಅಂತ ಕೂಗಿದಳು. ಬ್ರಹ್ಮ ಕೈಮುಗಿದು "ಆಯಿತು ತಾಯಿ, ತಪಸ್ಸು ಮಾಡುತ್ತೇನೆ" ಅಂದರು. ಅಂಗಳವಿಡೀ ನಗು.

ತಪಸ್ಸು ಮುಗಿಯಿತು. ವಿಷ್ಣು ಎದುರಿಗೆ ಬಂದು ಸೃಷ್ಟಿ ಮಾಡು ಅಂದರು. ಬ್ರಹ್ಮ ಏಳಲಿಲ್ಲ. ಯಾಕೆ ಮಾಡಬೇಕು ಅಂತ ಕೇಳಿದರು.

ನಿಜವಾದ ತಾಳಮದ್ದಳೆ ಇಲ್ಲಿಂದ ಶುರು. ಬ್ರಹ್ಮನ ವಾದ ನೇರವಾಗಿತ್ತು. ಯಾರೇ ಆಗಲಿ ಕೆಲಸ ಮಾಡುವುದು ಒಂದೋ ತನಗಾಗಿ, ಇಲ್ಲ ಇನ್ನೊಬ್ಬರಿಗಾಗಿ. ತನಗಾಗಿ ಅಂದರೆ ನಿನಗೆ ಏನೋ ಕಡಿಮೆ ಇದೆ ಅಂತ ಆಯಿತು, ನೀನು ಪೂರ್ಣ ಅಲ್ಲ. ಇನ್ನೊಬ್ಬರಿಗಾಗಿ ಅಂದರೆ, ಇನ್ನೊಬ್ಬರು ಅಂತ ಇನ್ನೂ ಹುಟ್ಟಿಯೇ ಇಲ್ಲ. ಮತ್ತೆ ಯಾರಿಗೆ ಈ ಲೋಕ? ಆಮೇಲೆ ನಮ್ಮ ಮನೆಯ ಕಡೆ ಕೈ ತೋರಿಸಿದರು. "ಈ ಮನೆಯ ಯಜಮಾನನಿಗೆ ಹಳೇ ಮನೆ ಸೋರುತ್ತಿತ್ತು. ಸಾಲ ಮಾಡಿ ಹೊಸತು ಕಟ್ಟಿದ. ತಂದೆಯೇ, ನಿನಗೆ ಯಾವ ಮಳೆ?"

ಅಪ್ಪ ನನ್ನ ಕಡೆ ತಿರುಗಿ ನೋಡಿದರು. ಒಂದು ವರ್ಷದಿಂದ ಅವರದ್ದೂ ಅದೇ ಪ್ರಶ್ನೆ: ಇಷ್ಟು ದೊಡ್ಡ ಮನೆ ಎಂತಕ್ಕೆ, ಇದ್ದದ್ದು ಸಾಲದಾ? ನಾನು ಚೆಂಡೆಯವರನ್ನು ನೋಡುತ್ತಾ ಕೂತೆ.

ಹಿರಿಯರು ಅವಸರ ಮಾಡಲಿಲ್ಲ. ಮೊದಲು ಬೃಹದಾರಣ್ಯಕ ಉಪನಿಷತ್ತಿನ ಮಾತು ತೆಗೆದರು. ಒಬ್ಬನೇ ಇದ್ದಾಗ ಅವನಿಗೆ ಸಂತೋಷ ಆಗಲಿಲ್ಲ, ಅದಕ್ಕೇ ಈಗಲೂ ಒಂಟಿಯಾದವನಿಗೆ ಸಂತೋಷ ಇಲ್ಲ. ಅಮ್ಮ ತಲೆ ಆಡಿಸಿದರು. ಅಮ್ಮನ ಮಟ್ಟಿಗೆ ಉತ್ತರ ಅಲ್ಲಿಗೇ ಮುಗಿದಿತ್ತು, ದೇವರಿಗೆ ಬೇಜಾರಾಯ್ತು ಅಷ್ಟೇ. ಬ್ರಹ್ಮ ಬಿಡಲಿಲ್ಲ. ಬೇಜಾರು ಅಂದರೂ ಕೊರತೆಯೇ ಅಲ್ವಾ ಅಂದರು. ಆಗ ಹಿರಿಯರು ಎಲೆ ಅಡಿಕೆ ಉಗಿದು ಬಂದು, ಶಾಲು ಸರಿಮಾಡಿಕೊಂಡು, ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರಕ್ಕೆ ಬಂದರು. ಎರಡನೇ ಅಧ್ಯಾಯ, ಮೊದಲ ಪಾದ, 33ನೇ ಸೂತ್ರ. "ಲೋಕವತ್ತು ಲೀಲಾಕೈವಲ್ಯಮ್." ಲೋಕದಲ್ಲಿ ನೋಡುತ್ತೇವಲ್ಲ ಹಾಗೆ, ಬರೀ ಆಟ.

ನಮ್ಮ ಊರಿನ ಮಟ್ಟಿಗೆ ಸೂತ್ರ ಹೇಳಿ ಬಿಟ್ಟರೆ ಸಾಲದು. ಉಪಮೆ ಬೇಕು. ಅವರು ಮೂವರು ಆಚಾರ್ಯರ ಉಪಮೆಗಳನ್ನು ಒಂದರ ಹಿಂದೆ ಒಂದು ಇಟ್ಟರು. ಶಂಕರರು ಉಸಿರಾಟ ಅಂದರು. ಉಸಿರು ಎಳೆಯುವಾಗ ಯಾರೂ ಲಾಭ ನಷ್ಟ ನೋಡುವುದಿಲ್ಲ, ಅದು ಸುಮ್ನೆ ಆಗುತ್ತದೆ. ರಾಮಾನುಜರು ರಾಜನನ್ನು ತಂದರು. ಏಳು ದ್ವೀಪದ ಒಡೆಯ ಚೆಂಡಾಟ ಆಡುತ್ತಾನೆ, ಗೆದ್ದು ಅವನಿಗೆ ಆಗಬೇಕಾದ್ದು ಏನೂ ಇಲ್ಲ. ಮಧ್ವರ ಉಪಮೆ ಹೇಳುವಾಗ ಹಿರಿಯರ ಮುಖದಲ್ಲಿ ಸಣ್ಣ ನಗು ಬಂತು. ಮತ್ತೇರಿದವನು ಸುಖ ಉಕ್ಕಿ ಹಾಡುತ್ತಾನೆ, ಕುಣಿಯುತ್ತಾನೆ. ಸಂಬಳಕ್ಕಲ್ಲ, ಚಪ್ಪಾಳೆಗಲ್ಲ. ಆಚಾರ್ಯರ ಭಾಷ್ಯದಲ್ಲಿ ಹೀಗೆ ಇದೆಯಾ ಅಂತ ಹಿಂದಿನ ಸಾಲಿನಲ್ಲಿ ಗುಸುಗುಸು. ಇದೆ. ಆಮೇಲೆ ನಾನೂ ತೆಗೆದು ನೋಡಿದೆ.

ಈ ಜಗಳ ನಮ್ಮ ಮಣ್ಣಿಗೆ ಹೊಸದಲ್ಲ. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಈ ಕಡೆ ಬಂದಿದ್ದಾಗ ಕಾಸರಗೋಡಿನ ಕೂಡ್ಲಿನಲ್ಲಿ ತ್ರಿವಿಕ್ರಮ ಪಂಡಿತಾಚಾರ್ಯರ ಜತೆ 15 ದಿನ ವಾದ ನಡೆಯಿತು ಅಂತ ಹೇಳುತ್ತಾರೆ. ಸೋತ ಪಂಡಿತರು ಶಿಷ್ಯರಾದರು, ಗುರುಗಳ ಸೂತ್ರಭಾಷ್ಯಕ್ಕೆ ತತ್ತ್ವಪ್ರದೀಪ ಅಂತ ಟೀಕೆ ಬರೆದರು. ನಮ್ಮಂಗಳದಲ್ಲಿ ಅಷ್ಟು ಪುರುಸೊತ್ತು ಇರಲಿಲ್ಲ. ಹತ್ತೂವರೆಗೆ ಮಂಗಳ ಹಾಡಬೇಕಿತ್ತು.

ನನ್ನ ಪಕ್ಕ ನಮ್ಮ ಮೇಸ್ತ್ರಿ ಕೂತಿದ್ದರು. ಚೆರುವತ್ತೂರಿನವರು, ಕನ್ನಡ ಅಷ್ಟಕ್ಕಷ್ಟೆ. ಇವರು ಇಷ್ಟು ಹೊತ್ತು ಎಂತ ಹೇಳುತ್ತಿದ್ದಾರೆ ಅಂತ ಕೇಳಿದರು. ದೇವರು ಲೋಕ ಯಾಕೆ ಮಾಡಿದ ಅಂತ ಚರ್ಚೆ ಅಂತ ನನ್ನ ಹರಕು ಮಲಯಾಳದಲ್ಲಿ ಹೇಳಿದೆ. ಅವರಿಗೆ ಇದರಲ್ಲಿ ಚರ್ಚೆ ಮಾಡಲು ಏನಿದೆ ಅಂತಲೇ ಅರ್ಥ ಆಗಲಿಲ್ಲ. "ಪಣಿ ಅರಿಯುನ್ನವನ್ ವೆರುದೆ ಇರಿಕ್ಕಿಲ್ಲ" ಅಂದರು. ಕೆಲಸ ಬಲ್ಲವನು ಸುಮ್ನೆ ಕೂರುವುದಿಲ್ಲ. ಊಟದ ಹೊತ್ತಿಗೆ ಇದನ್ನು ಹಿರಿಯರಿಗೆ ಹೇಳಿದೆ. ಅವರು ಎಲೆಯ ಮುಂದೆ ಕೂತಲ್ಲೇ "ದೇವಸ್ಯೈಷ ಸ್ವಭಾವೋಽಯಮ್" ಅಂದರು. ಶಂಕರರಿಗಿಂತ ಹಿಂದಿನ ಗೌಡಪಾದರ ಕಾರಿಕೆ, ಅಂದರೆ ಪದ್ಯವಂತೆ. ಭೋಗಕ್ಕೆ ಅಂತ ಕೆಲವರು, ಆಟಕ್ಕೆ ಅಂತ ಕೆಲವರು ಹೇಳುತ್ತಾರೆ, ಆದರೆ ಅದು ದೇವರ ಸ್ವಭಾವ ಅಷ್ಟೇ, ಎಲ್ಲ ಪಡೆದವನಿಗೆ ಇನ್ನೇನು ಆಸೆ ಅಂತ ಅರ್ಥ. "ನಾನು ನಲವತ್ತು ವರ್ಷ ಓದಿದ್ದನ್ನು ನಿಮ್ಮ ಮೇಸ್ತ್ರಿ ಗಾರೆ ಕಲಸುತ್ತಾ ಕಲಿತಿದ್ದಾರೆ" ಅಂದರು.

ಈಗ ಮೈಕ್ ಸೆಟ್. ತಂಡದವರದ್ದಲ್ಲ, ಪೇಟೆಯ ಒಂದು ಅಂಗಡಿಯಿಂದ ನಾವೇ ತರಿಸಿದ್ದು. ಭಾಗವತರು ಸ್ವರ ಏರಿಸಿದರೆ ಕುಂಯ್ ಅಂತ ಕೂಗು. ಇಳಿಸಿದರೆ ಏನೂ ಕೇಳುವುದಿಲ್ಲ. ಸರಿಮಾಡುವ ಹುಡುಗ ಮೊಬೈಲ್ ನೋಡುತ್ತಾ ಬಾಳೆಬುಡದಲ್ಲಿ ನಿಂತಿದ್ದ. ಒಂಬತ್ತಕ್ಕೆ ಗುಡುಗು ಬಂತು, ಕರೆಂಟ್ ಹೋಯ್ತು, ಜನರೇಟರ್ ಹೊತ್ತಲಿಲ್ಲ. ಸೃಷ್ಟಿಗೆ ಮೊದಲು ಬರೀ ಕತ್ತಲು ಅಂತ ಭಾಗವತರು ಹಾಡುವಾಗ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಹೋದದ್ದು ಎರಡು ಗಂಟೆ ತಡವಾಗಿ. ಆದರೆ ಎರಡು ದೀಪ ಹಚ್ಚಿಟ್ಟು ಮೈಕ್ ಇಲ್ಲದೆ ಮುಂದುವರಿಸಿದ ಆ ಮುಕ್ಕಾಲು ಗಂಟೆಯೇ ಇಡೀ ರಾತ್ರಿಯಲ್ಲಿ ಚಂದ. ಮದ್ದಳೆಯ ನಾದ ಹೊಸ ಗೋಡೆಗೆ ತಾಗಿ ಬರುತ್ತಿತ್ತು. ಮನೆ ಅಂಗಳ ಸಣ್ಣದಿದ್ದರೆ ಮೈಕಿಗೆ ದುಡ್ಡು ಹಾಕಬೇಡಿ.

ಇನ್ನು ಕಳೆದ ಆ ಒಂದು ನಕ್ಷತ್ರ.

ಕರೆಂಟ್ ಹೋಗುವ ಮೊದಲು ಬ್ರಹ್ಮ ಕೊನೆಯ ಪ್ರಶ್ನೆ ಹಾಕಿದ್ದರು. ಆಟ ಸರಿ, ಆದರೆ ಈ ಆಟದಲ್ಲಿ ಒಬ್ಬನಿಗೆ ಸುಖ, ಒಬ್ಬನಿಗೆ ನೋವು ಯಾಕೆ? ನಿನಗೆ ಪಕ್ಷಪಾತ ಉಂಟಾ, ಇಲ್ಲ ಕರುಣೆ ಇಲ್ವಾ? ಸೂತ್ರದಲ್ಲಿ ಮರುಸಾಲೇ ಇದು. ಅಲ್ಲಿರುವ ಉತ್ತರ ಕರ್ಮ. ಹಿರಿಯರು ಶಂಕರರ ಉಪಮೆಯನ್ನೇ ಹೇಳಿದರು. ಮಳೆ ಎಲ್ಲ ಗದ್ದೆಗೂ ಒಂದೇ. ಭತ್ತ ಬಿತ್ತಿದಲ್ಲಿ ಭತ್ತ, ಜವೆ ಬಿತ್ತಿದಲ್ಲಿ ಜವೆ. ಬೇರೆ ಬೇರೆ ಬೆಳೆಗೆ ಬೀಜ ಕಾರಣ, ಮಳೆಯಲ್ಲ. ಶುರುವಿನ ಪ್ರಶ್ನೆಯ ಮಳೆಯನ್ನೇ ಹಿಡಿದು ತಿರುಗಿಸಿದ್ದಕ್ಕೆ ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ನನ್ನ ಚಿಕ್ಕಮ್ಮ ಎದ್ದು ಒಳಗೆ ಹೋದರು.

ಚಿಕ್ಕಮ್ಮನ ಮನೆ ಎಣ್ಮಕಜೆ ಕಡೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳು. 2000ದಲ್ಲಿ ನಿಲ್ಲುವವರೆಗೆ 20 ವರ್ಷಕ್ಕೂ ಜಾಸ್ತಿ ನಡೆದ ಕೆಲಸ ಅದು. ದೇಶದಲ್ಲೇ ನಿಷೇಧ ಅಂತ ಸುಪ್ರೀಂ ಕೋರ್ಟ್ ಹೇಳುವಾಗ 2011. ಚಿಕ್ಕಮ್ಮನ ಮಗ ನನಗಿಂತ ಹತ್ತು ವರ್ಷ ಸಣ್ಣವನು. ಇಷ್ಟು ವರ್ಷವಾದರೂ ನಡೆದಿಲ್ಲ, ಮಾತಾಡಿಲ್ಲ. ಅವತ್ತು ಅವನನ್ನು ಕರೆದುಕೊಂಡೇ ಬಂದಿದ್ದರು. ಒಳಕೋಣೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು.

ಊಟಕ್ಕೆ ಸಜ್ಜಿಗೆ, ಅವಲಕ್ಕಿ, ಮಧ್ಯಾಹ್ನದ ಹೋಳಿಗೆ. ಬಡಿಸುವಾಗ ಚಿಕ್ಕಮ್ಮ ಹಿರಿಯರ ಎಲೆಯ ಮುಂದೆ ನಿಂತರು. ಜಗಳದ ದನಿ ಅಲ್ಲ. "ಅಣ್ಣ, ಬೀಜದ್ದೇ ತಪ್ಪು ಅಂದಿರಿ. ನಮ್ಮಲ್ಲಿ ಮೇಲಿಂದ ಬಿದ್ದದ್ದು ಮಳೆ ಅಲ್ಲ."

ಹಿರಿಯರ ಕೈ ಎಲೆಯ ಮೇಲೇ ನಿಂತಿತು. ಯಾರೂ ಮಾತಾಡಲಿಲ್ಲ. ಆಮೇಲೆ ಅವರು "ಈ ಪ್ರಶ್ನೆ ಬ್ರಹ್ಮನ ಬಾಯಲ್ಲಿ ಬರಬೇಕಿತ್ತಮ್ಮ. ಬಂದಿದ್ದರೆ ನಾನು ಅಲ್ಲೇ ಸೋಲುತ್ತಿದ್ದೆ" ಅಂದರು. ಸಮಾಧಾನಕ್ಕೆ ಇನ್ನೊಂದು ಶ್ಲೋಕ ತರಲಿಲ್ಲ. ಅದನ್ನು ನಾನು ಮೆಚ್ಚಿದೆ. ಆದರೆ ನಕ್ಷತ್ರ ಕೊಡುವುದು ವೇದಿಕೆಯ ಮೇಲಿನ ಮಾತಿಗೆ. ಎಣ್ಮಕಜೆಗೆ ಇಷ್ಟು ಹತ್ತಿರ ಕೂತು ಆ ಉಪಮೆಯನ್ನು ಅಷ್ಟು ಸಲೀಸಾಗಿ ಹೇಳಬಾರದಿತ್ತು. ಚಪ್ಪಾಳೆ ತಟ್ಟಿದ ನನಗೂ ಅದೇ ಮಾತು ಸೇರುತ್ತದೆ.

ಮಧು ಕೈಟಭರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪುರಾಣದಲ್ಲಿ 5,000 ವರ್ಷ ನಡೆದ ಯುದ್ಧವನ್ನು ಹೊತ್ತಾಯಿತು ಅಂತ ಹನ್ನೆರಡು ನಿಮಿಷದಲ್ಲಿ ಮುಗಿಸಿದರು. ನೀರಿಲ್ಲದಲ್ಲಿ ಕೊಲ್ಲು ಅಂತ ಅವರು ವರ ಕೊಡುವ ಜಾಗ ಮಾತ್ರ ಚೆನ್ನಾಗಿ ಬಂತು. ಕೈಟಭನ ಅರ್ಥದವರು ಹೊಸಬರು, ಚೀಟಿ ನೋಡುತ್ತಿದ್ದರು.

ಹೊರಡುವಾಗ ಚೆಂಡೆಯವರು ಚೆಂಡೆಗೆ ಚೀಲ ಕಟ್ಟುತ್ತಿದ್ದರು. ಒಳಗಿಂದ ಒಂದು ಕೂಗು ಬಂತು. ಯಾರದು ಅಂತ ಕೇಳಿದರು. ಚೆಂಡೆ ಕೇಳಿದರೆ ಅವನಿಗೆ ಖುಷಿ, ಇಡೀ ರಾತ್ರಿ ನಗುತ್ತಿದ್ದ, ನಿಂತಿತಲ್ಲ ಅಂತ ಈಗ ಕೂಗುವುದು ಅಂತ ಚಿಕ್ಕಮ್ಮ ಹೇಳಿದರು. ಅವರು ಚೀಲ ಬಿಚ್ಚಿದರು. ಒಳಕೋಣೆಯ ಬಾಗಿಲಲ್ಲಿ ನಿಂತು ಹತ್ತು ನಿಮಿಷ ಬಾರಿಸಿದರು. ವ್ಯಾನಿನವನು ಎರಡು ಸಲ ಹಾರ್ನ್ ಹೊಡೆದ.

ತಂಡ ಬೇಕಾದವರಿಗೆ: ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುತ್ತವೆ. ಆಮೇಲೆ ಮಳೆಗಾಲವಿಡೀ ತಾಳಮದ್ದಳೆಗೆ ಬೇಡಿಕೆ ಜಾಸ್ತಿ, ಮೊದಲೇ ಮಾತಾಡಿಟ್ಟುಕೊಳ್ಳಿ. ನೆಲಕ್ಕೆ ದಪ್ಪ ಜಮಖಾನ ಹಾಕಿ, ಹಿರಿಯರಿಗೆ ಒರಗಲು ದಿಂಬು ಇಡಿ. ಚಹಾಕ್ಕಿಂತ ಜೀರಿಗೆ ಕಷಾಯ ಜಾಸ್ತಿ ಕೇಳುತ್ತಾರೆ. ಪ್ರಸಂಗ ನೀವೇ ಆರಿಸಬಹುದು.

ಸೋಣ ತಿಂಗಳಲ್ಲಿ, ಅಂದರೆ ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ, ಚಿಕ್ಕಮ್ಮನ ಮನೆಗೆ ಅದೇ ತಂಡ ಹೋಗುತ್ತಿದೆ. ಯಾವ ಪ್ರಸಂಗ ಬೇಕು ಅಂತ ಹಿರಿಯರು ಫೋನ್ ಮಾಡಿ ಕೇಳಿದರಂತೆ. ಯಾವುದಾದರೂ ಆಗಬಹುದು, ಮಾತು ಸ್ವಲ್ಪ ಕಡಿಮೆ ಇರಲಿ, ಚೆಂಡೆ ಜಾಸ್ತಿ ಇರಲಿ ಅಂದಿದ್ದಾರೆ.