ಖರ್ಜದ ತಂತಿ ಕೇಳಿಸುವವರೆಗೆ: ಮನೆಯಲ್ಲೇ ಕಟ್ಟಿದ ಕಂಪ್ಯೂಟರ್ ಆಡಿಯೊ

ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಸಿ.ಡಿ.ಗಳನ್ನು ಬಹಳ ವರ್ಷಗಳಿಂದ ಕೂಡಿಟ್ಟುಕೊಂಡು ಬಂದವನು ನಾನು. ಪ್ಲೇಯರ್‌ನ ಲೆನ್ಸ್ ಸೋತು, ಬಿಡಿಭಾಗವೂ ಸಿಗದಾದಾಗ, ಧಾರವಾಡದ ನಮ್ಮ ಹಳೆಯ ಮನೆಯಲ್ಲಿ ಕಂಪ್ಯೂಟರ್ ಆಧರಿಸಿದ ವ್ಯವಸ್ಥೆಯನ್ನು ಕಟ್ಟಿಕೊಂಡೆ. ಎಂಟು ತಿಂಗಳು ದಿನವೂ ಕೇಳಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಕ್ಸಾಕ್ಟ್ ಆಡಿಯೊ ಕಾಪಿ ತಂತ್ರಾಂಶದಿಂದ ಎಲ್ಲ ಸಿ.ಡಿ.ಗಳನ್ನು ಫ್ಲ್ಯಾಕ್ ಕಡತಗಳಾಗಿ ಇಳಿಸಿಕೊಂಡೆ. ಸಿ.ಡಿ.ಯಲ್ಲಿರುವ 16 ಬಿಟ್, 44.1 ಕಿಲೋಹರ್ಟ್ಜ್ (ಸೆಕೆಂಡಿಗೆ 44,100 ಮಾದರಿಗಳ) ಧ್ವನಿಯಲ್ಲಿ ಏನನ್ನೂ ಕಳೆಯದೆ ಫ್ಲ್ಯಾಕ್ ಗಾತ್ರವನ್ನು ಸುಮಾರು ಅರ್ಧಕ್ಕೆ ತರುತ್ತದೆ. ಗೀರು ಬಿದ್ದ ತಟ್ಟೆಗಳನ್ನು ಈ ತಂತ್ರಾಂಶ ಮತ್ತೆ ಮತ್ತೆ ಓದುತ್ತದೆ. ಒಂದಕ್ಕೇ ಎರಡು ತಾಸು ಹಿಡಿದರೂ ಬೇಸರಪಡಬಾರದು, ಏಕೆಂದರೆ ಇಲ್ಲಿ ತಪ್ಪಿದ್ದನ್ನು ಮುಂದೆ ಯಾವ ದುಬಾರಿ ಉಪಕರಣವೂ ಮರಳಿ ತಾರದು.

ನನ್ನನ್ನು ಹೆಚ್ಚು ಕಾಡಿದ್ದು ಗುಂಯ್‌ಗುಡುವ ಸದ್ದು. ಡೆಸ್ಕ್‌ಟಾಪ್‌ನಿಂದ ಯುಎಸ್‌ಬಿ ಡ್ಯಾಕ್‌ಗೆ (ಡಿಜಿಟಲ್ ಧ್ವನಿಯನ್ನು ಆಂಪ್ಲಿಫೈಯರ್‌ಗೆ ಬೇಕಾದ ವಿದ್ಯುತ್ ಸಂಕೇತವಾಗಿಸುವ ಪೆಟ್ಟಿಗೆ), ಅಲ್ಲಿಂದ ಆಂಪ್ಲಿಫೈಯರ್‌ಗೆ ತಂತಿ ಜೋಡಿಸಿದ ದಿನದಿಂದಲೇ, ತಂಬೂರಿಯ ಖರ್ಜದ, ಎಂದರೆ ಅದರ ಅತಿ ತಗ್ಗಿನ ಸ್ವರದ ತಂತಿಯ, ಆಸುಪಾಸಿನಲ್ಲಿ ಇನ್ನೊಂದು ನಾದ ಸೇರಿಕೊಂಡು ಶ್ರುತಿಯನ್ನೇ ಕಲಕುತ್ತಿತ್ತು. ಅಂಗಡಿಯವರೊಬ್ಬರ ಮಾತು ನಂಬಿ ಕೊಂಡ ಆರು ಸಾವಿರ ರೂಪಾಯಿಯ ಕೇಬಲ್‌ನಿಂದ ಎಳ್ಳಷ್ಟೂ ಉಪಯೋಗವಾಗಲಿಲ್ಲ. ಕಂಪ್ಯೂಟರ್ ಒಂದು ಗೋಡೆಯ ಸಾಕೆಟ್ಟಿಗೆ, ಆಂಪ್ಲಿಫೈಯರ್ ಎದುರು ಗೋಡೆಯ ಸಾಕೆಟ್ಟಿಗೆ ಇದ್ದುದರಿಂದ ಎರಡು ಅರ್ಥಿಂಗ್‌ಗಳ ನಡುವೆ ಸುತ್ತು ಏರ್ಪಟ್ಟು, 50 ಹರ್ಟ್ಜ್ ವಿದ್ಯುತ್ತಿನ ಸದ್ದು ಸ್ಪೀಕರಿಗೆ ನುಗ್ಗುತ್ತಿತ್ತು. ಎರಡನ್ನೂ ಒಂದೇ ಬೋರ್ಡಿಗೆ ತಂದೊಡನೆ ಅದು ಬಹುಪಾಲು ಅಡಗಿತು. ಡೆಸ್ಕ್‌ಟಾಪ್‌ನ ಜಾಗಕ್ಕೆ ಫ್ಯಾನ್ ಬೇಡದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4 ಬಂದ ಮೇಲೆ ಉಳಿದದ್ದೂ ಹೋಯಿತು. ಅಂದು ರಾತ್ರಿ ಮನ್ಸೂರರು ಉಸಿರು ತೆಗೆದುಕೊಳ್ಳುವ ಕ್ಷಣದಲ್ಲಿ ಹಿನ್ನೆಲೆಯ ತಂಬೂರಿಯ ಜವಾರಿ, ಎಂದರೆ ತಂತಿಯ ಝೇಂಕಾರ, ಬಿಡಿಬಿಡಿಯಾಗಿ ಕೇಳಿಸಿದಾಗ ಕಣ್ಣು ತುಂಬಿ ಬಂತು.

ಡ್ಯಾಕ್ ಕೊಳ್ಳುವವರು ಅಸಿಂಕ್ರೊನಸ್ ಬಗೆಯದನ್ನೇ ಆರಿಸಲಿ. ಅದರಲ್ಲಿ ಧ್ವನಿಯ ಲಯವನ್ನು ಕಾಯುವುದು ಕಂಪ್ಯೂಟರ್ ಅಲ್ಲ, ಡ್ಯಾಕ್‌ನೊಳಗಿನ ಗಡಿಯಾರ. 192 ಕಿಲೋಹರ್ಟ್ಜ್ ಕಡತಗಳಿಗೆ ಹೆಚ್ಚು ಹಣ ತೆರುವ ಅಗತ್ಯ ನನಗೆ ಕಾಣಲಿಲ್ಲ: ಮನುಷ್ಯನ ಕಿವಿಯ ಮಿತಿ ಸುಮಾರು 20 ಕಿಲೋಹರ್ಟ್ಜ್, ಮಾದರಿಗಳ ಸಂಖ್ಯೆಯ ಅರ್ಧದವರೆಗಿನ ಕಂಪನಗಳು ದಾಖಲಾಗುವುದರಿಂದ ಅಷ್ಟನ್ನು ಸಿ.ಡಿ.ಯೇ ಹಿಡಿದಿಡುತ್ತದೆ. ಆ ಹಣವನ್ನು ಸ್ಪೀಕರಿಗೆ ಹಾಕುವುದು ಲೇಸು. ನನ್ನ ಸ್ಪೀಕರುಗಳನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ಸರಿಸಿದ್ದಕ್ಕೇ ತಬಲಾ ಜೋಡಿಯ ಎಡಗೈ ವಾದ್ಯವಾದ ಬಾಯಾ ಸ್ಪಷ್ಟವಾಯಿತು.

ಒಂದು ಕೊರತೆಯಿದೆ. ನಡುವೆ ಕರೆಂಟು ಹೋಗಿ ಪೈನ ಮೆಮೊರಿ ಕಾರ್ಡ್ ಎರಡು ಬಾರಿ ಕೆಟ್ಟಿದೆ. ಈಗ ಅದನ್ನು ಇನ್ವರ್ಟರ್ ಲೈನಿಗೆ ಹಾಕಿ, ಕಾರ್ಡಿನ ಇನ್ನೊಂದು ಪ್ರತಿಯನ್ನು ಸಿದ್ಧವಾಗಿ ಇಟ್ಟುಕೊಂಡಿದ್ದೇನೆ.