ಆರ್ 100 ಆರ್‌ಎಸ್ ಫೇರಿಂಗ್‌ನ ಫೋರ್ಕ್ ಸೀಲುಗಳು: ಅಗ್ಗದ ಜೋಡಿ, ದುಬಾರಿ ಜೋಡಿ

ಹಳೆಯ ಬಿಎಂಡಬ್ಲ್ಯು ಆರ್ 100 ಆರ್‌ಎಸ್ ಬೈಕನ್ನು ಇಟ್ಟುಕೊಂಡವರು ಎಂಜಿನ್ನು, ಕಾರ್ಬ್ಯುರೇಟರುಗಳಿಗೆ ಕೊಡುವ ಗಮನದ ಕಾಲುಭಾಗವನ್ನೂ ಅದರ ಮುಂಭಾಗದಲ್ಲಿ ಗಾಳಿ ತಡೆಯುವ ಹೊದಿಕೆಯಾದ ಫೇರಿಂಗ್‌ನೊಳಗಿರುವ ಎರಡು ರಬ್ಬರ್ ಸೀಲುಗಳಿಗೆ ಕೊಡುವುದಿಲ್ಲ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್‌ನ ಎರಡು ಕೊಳವೆಗಳು ಫೇರಿಂಗ್ ದಾಟಿ ಕೆಳಗಿಳಿಯುವ ಜಾಗದಲ್ಲಿ, ಕೊಳವೆಗೂ ಫೇರಿಂಗ್‌ನ ರಂಧ್ರಕ್ಕೂ ನಡುವಿನ ತೆರವನ್ನು ಮುಚ್ಚುವ ಮಡಿಕೆಮಡಿಕೆಯಾದ ರಬ್ಬರ್ ತುಂಡುಗಳು ಇವು. ಹೊಸದಾಗಿ ತಯಾರಿಸಿ ಮಾರುತ್ತಿರುವ ಎರಡು ಬೇರೆ ಬೇರೆ ಜೋಡಿಗಳನ್ನು ಒಂದಾದ ಮೇಲೊಂದರಂತೆ ನನ್ನ ಗಾಡಿಗೆ ಹಾಕಿ ನೋಡಿದ್ದೇನೆ. ಎರಡನೆಯದರ ಬೆಲೆ ಮೊದಲನೆಯದರ ಸುಮಾರು ಎರಡರಷ್ಟಿದೆ. ಆ ಹೆಚ್ಚಿನ ಹಣಕ್ಕೆ ಅದು ಪೂರ್ತಿ ಯೋಗ್ಯವಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟು ಸಣ್ಣ ಭಾಗಕ್ಕೆ ಏಕೆ ಇಷ್ಟು ಮಹತ್ವ ಎಂದು ಕೇಳುವವರು ಈ ಗಾಡಿಯ ಹುಟ್ಟನ್ನು ನೆನಪಿಸಿಕೊಳ್ಳಬೇಕು. 1976ರಲ್ಲಿ ಬಂದ ಆರ್‌ಎಸ್‌ನ ಫೇರಿಂಗನ್ನು ಹ್ಯಾನ್ಸ್ ಮೂತ್ ವಿನ್ಯಾಸಗೊಳಿಸಿದರು. ಇಟಲಿಯ ಪಿನಿನ್‌ಫಾರಿನಾ ಸಂಸ್ಥೆಯ ಗಾಳಿ ಸುರಂಗದಲ್ಲಿ ಅದರ ಆಕಾರವನ್ನು ಪರೀಕ್ಷಿಸಿ ತಿದ್ದಲಾಯಿತು. 980 ಸಿಸಿ ಎಂಜಿನ್‌ನ 70 ಅಶ್ವಶಕ್ತಿಗಿಂತಲೂ ಈ ಫೇರಿಂಗೇ ಗಾಡಿಗೆ ಹೆಸರು ತಂದಿತು. ಅದು ಹ್ಯಾಂಡಲಿನ ಜೊತೆ ತಿರುಗದೆ ಚಾಸಿಗೆ ಭದ್ರವಾಗಿ ಕೂತಿರುತ್ತದೆ, ಫೋರ್ಕ್ ಮಾತ್ರ ಅದರೊಳಗೆ ತಿರುಗುತ್ತದೆ. ಹಾಗಾಗಿ ರಂಧ್ರಗಳು ಕೊಳವೆಗಿಂತ ಬಹಳ ಅಗಲವಾಗಿರಲೇಬೇಕು, ಉಳಿದ ತೆರವನ್ನು ಹಿಗ್ಗುವ, ಕುಗ್ಗುವ ರಬ್ಬರೇ ತುಂಬಬೇಕು. ಆ ರಬ್ಬರ್ ಹರಿದರೆ ಮುಂದಿನ ಚಕ್ರ ಎರಚುವ ಕೆಸರುನೀರು ನೇರವಾಗಿ ಮೇಲೇರಿ ಫೇರಿಂಗ್‌ನ ಒಳಮೈ ಮೇಲೂ ಅಲ್ಲಿರುವ ವಿದ್ಯುತ್ ತಂತಿಗಳ ಜೋಡಣೆಗಳ ಮೇಲೂ ಬೀಳುತ್ತದೆ. ಹೆದ್ದಾರಿಯ ವೇಗದಲ್ಲಿ ತಣ್ಣನೆಯ ಗಾಳಿ ಕೆಳಗಿನಿಂದ ನುಗ್ಗಿ ಸವಾರನ ಎದೆಗೆ ಬಡಿಯುತ್ತದೆ. ನಾನಿರುವ ಜರ್ಮನಿಯಲ್ಲಿ ಅಕ್ಟೋಬರ್ ಬಂತೆಂದರೆ ಇದು ಸಹಿಸಲಾಗದ ಕಿರಿಕಿರಿ.

ಅಗ್ಗದ ಜೋಡಿ ಒಂದು ದೊಡ್ಡ ಬಿಡಿಭಾಗಗಳ ಅಂಗಡಿಯಿಂದ ಅಂಚೆಯಲ್ಲಿ ಬಂತು. ಪೊಟ್ಟಣ ಬಿಚ್ಚಿದೊಡನೆ ಕಣ್ಣಿಗೆ ಬಿದ್ದದ್ದು ಅಚ್ಚಿನ ಎರಡು ಭಾಗಗಳು ಕೂಡುವ ಕಡೆ ಉಳಿದಿದ್ದ ರಬ್ಬರಿನ ತೆಳು ರೆಕ್ಕೆ. ಅದನ್ನು ಚೂಪಾದ ಬ್ಲೇಡಿನಿಂದ ಸವರಿ ತೆಗೆಯಬಹುದು, ಅದೇನೂ ದೊಡ್ಡ ದೋಷವಲ್ಲ. ನಿಜವಾದ ದೋಷ ಇದ್ದದ್ದು ಅಂಚಿನ ತೋಡಿನಲ್ಲಿ, ಅಂದರೆ ಫೇರಿಂಗ್‌ನ ಫೈಬರ್ ಅಂಚನ್ನು ಕಚ್ಚಿ ಹಿಡಿಯಬೇಕಾದ ಸೀಳಿನಲ್ಲಿ. ಆ ಸೀಳು ಆಳವಿಲ್ಲದೆ ಅಗಲವಾಗಿತ್ತು; ಹೆಬ್ಬೆರಳಿನಿಂದ ಒತ್ತಿದರೆ ಸಾಕು, ಸೀಲು ಸಲೀಸಾಗಿ ಕೂರುತ್ತಿತ್ತು, ಮತ್ತು ಹ್ಯಾಂಡಲನ್ನು ಪೂರ್ತಿ ಎಡಕ್ಕೆ ಎಳೆದಾಗ ಅಷ್ಟೇ ಸಲೀಸಾಗಿ ಕಳಚಿ ಬರುತ್ತಿತ್ತು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಮಡಿಕೆಗಳ ತಳದಲ್ಲಿ ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಮೂಡಿದವು. ರಬ್ಬರನ್ನು ಮಡಚಿ ಹಿಡಿದಾಗ ಆ ಬಿರುಕುಗಳು ಬಾಯಿ ತೆರೆಯುವುದು ಸ್ಪಷ್ಟವಾಗಿ ಕಾಣುತ್ತಿತ್ತು.

ಇಂಥ ಬಿರುಕಿಗೆ ಕಾರಣ ಗಾಳಿಯಲ್ಲಿರುವ ಓಝೋನ್. ಎಳೆದು ಹಿಡಿದ ಸ್ಥಿತಿಯಲ್ಲಿರುವ ನೈಸರ್ಗಿಕ ರಬ್ಬರನ್ನೂ ನೈಟ್ರೈಲ್ ರಬ್ಬರನ್ನೂ ಅದು ಬೇಗ ತಿನ್ನುತ್ತದೆ. ಫೋರ್ಕ್‌ನ ಒಳಗಿರುವ ಆಯಿಲ್ ಸೀಲಿಗೆ ನೈಟ್ರೈಲ್ ಒಳ್ಳೆಯ ಆಯ್ಕೆ, ಏಕೆಂದರೆ ಅಲ್ಲಿ ಎದುರಿಸಬೇಕಾದದ್ದು ಎಣ್ಣೆಯನ್ನು. ಫೇರಿಂಗ್‌ನ ಸೀಲು ಎದುರಿಸಬೇಕಾದದ್ದು ಬಿಸಿಲು, ಮಳೆ, ಗಾಳಿ ಇವನ್ನು. ಇದಕ್ಕೆ ಇಪಿಡಿಎಂ ಎಂಬ ಸಂಶ್ಲೇಷಿತ ರಬ್ಬರ್ ಹೆಚ್ಚು ಸೂಕ್ತ. ದುಬಾರಿ ಜೋಡಿ ಇಪಿಡಿಎಂನದು ಎಂದು ಅದರ ಪೊಟ್ಟಣದ ಮೇಲೆಯೇ ಬರೆದಿದೆ. ಆದರೆ ಇಪಿಡಿಎಂಗೂ ಒಂದು ಶತ್ರುವಿದೆ: ಖನಿಜ ತೈಲ ತಾಗಿದರೆ ಅದು ಊದಿಕೊಂಡು ಮೆತ್ತಗಾಗುತ್ತದೆ. ಆದ್ದರಿಂದ ಕೂರಿಸುವಾಗ ಗ್ರೀಸನ್ನಾಗಲಿ ವ್ಯಾಸಲೀನನ್ನಾಗಲಿ ಹಚ್ಚಬಾರದು. ಸಾಬೂನು ನೀರು ಅಥವಾ ಸಿಲಿಕೋನ್ ಗ್ರೀಸ್ ಮಾತ್ರ ಸರಿ.

ಈ ಎರಡನೆಯ ಜೋಡಿಯನ್ನು ಕೈಗೆತ್ತಿಕೊಂಡಾಗಲೇ ವ್ಯತ್ಯಾಸ ತಿಳಿಯುತ್ತದೆ. ಗೋಡೆ ಎಲ್ಲ ಕಡೆ ಒಂದೇ ದಪ್ಪವಾಗಿದೆ, ಅಚ್ಚಿನ ಗುರುತು ಬೆರಳಿಗೆ ಸಿಗುವುದೇ ಇಲ್ಲ, ಅಂಚಿನ ಸೀಳು ಕಿರಿದಾಗಿ ಆಳವಾಗಿದೆ. ಸೀಳು ಹೀಗಿರುವುದರಿಂದ ಅದನ್ನು ಕೂರಿಸುವುದು ಕಷ್ಟ. ಕೆಲವರು ಇದನ್ನೇ ದೂರಾಗಿ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಸುಲಭವಾಗಿ ಒಳಹೋಗುವ ಸೀಲು ಈ ಜಾಗದಲ್ಲಿ ನಿಲ್ಲುವುದಿಲ್ಲ.

ಕೆಲಸದ ದೊಡ್ಡ ಪಾಲು ಸೀಲಿನದಲ್ಲ, ಫೋರ್ಕ್‌ನದು. ಚಕ್ರ, ಬ್ರೇಕ್ ಕ್ಯಾಲಿಪರ್, ಮಡ್‌ಗಾರ್ಡ್ ಇವನ್ನೆಲ್ಲ ಬಿಚ್ಚಿ, ಮೇಲಿನ ಪಟ್ಟಿಯ ನಟ್ಟುಗಳನ್ನು ತೆಗೆದು, ಕೊಳವೆಗಳನ್ನು ಹಿಡಿದಿಡುವ ಕೆಳಗಿನ ಯೋಕ್‌ನ ಹಿಡಿತದ ಬೋಲ್ಟು ಸಡಿಲಿಸಿದರೆ 36 ಮಿ.ಮೀ. ದಪ್ಪದ ಕೊಳವೆ ಕೆಳಗೆ ಜಾರುತ್ತದೆ. ಇದನ್ನು ತಪ್ಪಿಸಿಕೊಳ್ಳಲು ಸೀಲನ್ನು ಉದ್ದಕ್ಕೆ ಸೀಳಿ ಕೊಳವೆಗೆ ಸುತ್ತಿ ಅಂಟು ಹಾಕುವ ಉಪಾಯವನ್ನು ಅಂಗಡಿಯವರೇ ಹೇಳುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಹ್ಯಾಂಡಲ್ ತಿರುಗಿದಾಗಲೆಲ್ಲ ಮಡಿಕೆಗಳು ಒಂದು ಬದಿಯಲ್ಲಿ ಹಿಗ್ಗಿ ಇನ್ನೊಂದು ಬದಿಯಲ್ಲಿ ಕುಗ್ಗುತ್ತವೆ. ಅಂಟಿದ ಗೀರು ಆ ಎಳೆತವನ್ನು ಹೆಚ್ಚು ಕಾಲ ತಾಳುವುದಿಲ್ಲ.

ಕೊಳವೆ ಹೊರಗೆ ಬಂದ ಮೇಲೆ ಸೀಲನ್ನು ಬಿಸಿ ನೀರಿನಲ್ಲಿ ಕೆಲವು ನಿಮಿಷ ನೆನೆಸಿಟ್ಟೆ. ಫೇರಿಂಗ್‌ನ ರಂಧ್ರದ ಅಂಚನ್ನು ಬಟ್ಟೆಯಿಂದ ಒರೆಸಿ, ಹಳೆಯ ರಬ್ಬರಿನ ಅಂಟಂಟು ಕಪ್ಪು ಪುಡಿಯನ್ನು ಪೂರ್ತಿ ತೆಗೆದು, ಸಾಬೂನು ನೀರು ಹಚ್ಚಿದೆ. ರಂಧ್ರದ ದೂರದ ಬದಿಯಿಂದ ಶುರುಮಾಡಿ, ಅಂಚನ್ನು ಸೀಳಿನೊಳಗೆ ಕೂರಿಸುತ್ತ ಎರಡೂ ಕಡೆಯಿಂದ ನನ್ನತ್ತ ಬರಬೇಕು. ಕೊನೆಯ ಎರಡು ಬೆರಳಗಲದ ಭಾಗವೇ ಪಟ್ಟು ಹಿಡಿಯುವುದು. ಅಲ್ಲಿ ಸ್ಕ್ರೂಡ್ರೈವರ್ ಬಳಸಿದರೆ ರಬ್ಬರ್ ಕತ್ತರಿಸುತ್ತದೆ, ಫೈಬರ್ ಸೀಳುತ್ತದೆ. ಸೈಕಲ್ ಟಯರ್ ಬಿಚ್ಚುವ ಪ್ಲಾಸ್ಟಿಕ್ ಲಿವರಿನ ಮೊಂಡು ತುದಿಯನ್ನು ಅಂಚಿನಡಿ ತೂರಿಸಿ ನಿಧಾನವಾಗಿ ಜಾರಿಸಿದರೆ ರಬ್ಬರ್ 'ಟಪ್' ಎಂದು ಕೂರುತ್ತದೆ. ಆಮೇಲೆ ಸುತ್ತಲೂ ಬೆರಳಾಡಿಸಿ, ಎಲ್ಲಿಯೂ ಅಂಚು ಒಳಮಡಚಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು.

ಕೊಳವೆಯನ್ನು ಹಿಂದಕ್ಕೆ ಏರಿಸುವ ಮುನ್ನ ಫೋರ್ಕ್‌ನ ಆಯಿಲ್ ಸೀಲನ್ನೂ ಬದಲಿಸುವುದು ಜಾಣತನ, ಏಕೆಂದರೆ ಬಿಚ್ಚುವ ಶ್ರಮದ ಬಹುಪಾಲು ಆಗಲೇ ಮುಗಿದಿರುತ್ತದೆ. ಕೊಳವೆಗೆ ಒತ್ತಿಕೊಳ್ಳುವ ಒಳ ಅಂಚಿನ, ಅಂದರೆ ತುಟಿಯ, ಸುತ್ತ ಸಣ್ಣ ಸ್ಪ್ರಿಂಗ್ ಇರುವ ಬದಿ ಎಣ್ಣೆಯ ಕಡೆಗೆ, ಅಂದರೆ ಕೆಳಮುಖವಾಗಿರಬೇಕು. ಕೊಳವೆಯ ಕ್ರೋಮಿನ ಮೇಲೆ ತುಕ್ಕಿನ ಚುಕ್ಕೆಯಿದ್ದರೆ ಎಷ್ಟು ಒಳ್ಳೆಯ ಸೀಲನ್ನು ಹಾಕಿದರೂ ತುಟಿ ಹರಿಯುತ್ತದೆ. ಇಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕಡ್ಡಾಯ ತಪಾಸಣೆಯಲ್ಲಿ ಫೋರ್ಕ್‌ನಿಂದ ಎಣ್ಣೆ ಸೋರುವುದು ಕಂಡರೆ ಅದನ್ನು ದೋಷವೆಂದೇ ಬರೆಯುತ್ತಾರೆ. ಮೇಲಾಗಿ ಸೋರಿದ ಎಣ್ಣೆ ಬ್ರೇಕಿನ ಮೇಲೆ ಇಳಿಯುವ ಅಪಾಯವೂ ಇದೆ.

ಎಲ್ಲವನ್ನೂ ಜೋಡಿಸಿ, ಆಕ್ಸಲ್‌ನ ಹಿಡಿತದ ಬೋಲ್ಟನ್ನು ಬಿಗಿಯುವ ಮೊದಲು ಮುಂಭಾಗವನ್ನು ಚೆನ್ನಾಗಿ ಒತ್ತಿ ಬಿಟ್ಟು ಕೊಳವೆಗಳು ತಮ್ಮ ಸಾಲಿಗೆ ಬರುವಂತೆ ಮಾಡಿದೆ. ನಂತರ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ನೋಡಿದೆ. ಇದು ಈ ಕೆಲಸದ ಅತಿ ಮುಖ್ಯ ಪರೀಕ್ಷೆ. ರಬ್ಬರ್ ಗಡುಸಾಗಿದ್ದು ಹ್ಯಾಂಡಲನ್ನು ಒಂದು ಕಡೆಗೆ ಎಳೆಯುತ್ತಿದ್ದರೆ ಆ ಗಾಡಿಯನ್ನು ರಸ್ತೆಗೆ ತರಬಾರದು. ದುಬಾರಿ ಜೋಡಿ ಗೋಡೆ ದಪ್ಪವಿದ್ದರೂ ಮಡಿಕೆಗಳಲ್ಲಿ ಸಡಿಲವಾಗಿದೆ, ಎಳೆತ ಕೈಗೆ ತಿಳಿಯುವುದೇ ಇಲ್ಲ. ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ ಬಿಡಿಭಾಗ ಹಳೆಯ ಗಾಡಿಗಳಿಗೆ ಸಿಗುವುದು ಅಪರೂಪ.

ಅದನ್ನು ಹಾಕಿದ ಮೇಲೆ ಆಲ್ಪ್ಸ್ ತಪ್ಪಲಿನ ಜಡಿಮಳೆಯಲ್ಲಿ ದಿನವಿಡೀ ಓಡಿಸಿದ್ದೇನೆ. ಫೇರಿಂಗ್‌ನ ಒಳಮೈ ಒಣಗಿಯೇ ಇತ್ತು. ಸೀಲಿನ ಕೆಳಬದಿಯಲ್ಲಿ ಮಾತ್ರ ಕೆಸರು ಮೆತ್ತಿತ್ತು. ಮಾರುವವರ ಮೇಲೆ ನನ್ನದೊಂದೇ ಆಕ್ಷೇಪ: ಇಷ್ಟು ಬೆಲೆಯ ವಸ್ತುವಿನ ಜೊತೆ ಕೂರಿಸುವ ವಿಧಾನ ಹೇಳುವ ಒಂದು ಹಾಳೆಯನ್ನೂ ಅವರು ಇಟ್ಟಿಲ್ಲ. ಗ್ರೀಸ್ ಹಚ್ಚಬೇಡಿ ಎಂಬ ಒಂದು ಸಾಲನ್ನಾದರೂ ಪೊಟ್ಟಣದ ಮೇಲೆ ಅಚ್ಚು ಹಾಕಿಸಲಿ ಎಂದು ಅವರಿಗೆ ಪತ್ರ ಬರೆದು ಕೇಳಿಕೊಂಡಿದ್ದೇನೆ.